ಡೆಸ್ಕ್‌ಟಾಪ್‌ನಿಂದ ಗೀಸರ್, ಗೇಟ್ ಲೈಟ್: ನಲವತ್ತು ಸಾಲಿನ ಸ್ಕ್ರಿಪ್ಟ್ ಸಾಕಾ?

ಕಣದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸುಂಟಿಕೊಪ್ಪದಿಂದ ಒಳಗೆ, ತೋಟದ ಮನೆ. ಬಚ್ಚಲು ಹಳೇ ಕಾಲದ್ದು, ಅಂಗಳದ ಆಚೆ ಇದೆ. ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ. ಗೀಸರ್ ಹಾಕೋಕೆ ಒಂದು ಸಲ, ಸ್ನಾನಕ್ಕೆ ಇನ್ನೊಂದು ಸಲ ಅಂತ ಪಾಚಿ ಕಟ್ಟಿದ ಅಂಗಳವನ್ನ ಕೊಡೆ ಹಿಡ್ಕೊಂಡು ದಾಟ್ತಾರೆ. ನೋಡೋಕಾಗಲ್ಲ. ಬೆಳಿಗ್ಗೆ ಐದೂವರೆಗೆಲ್ಲ ಆಫೀಸ್ ರೂಮಿನ ಕಂಪ್ಯೂಟರ್ ಮುಂದೆ ಕೂತಿರ್ತಾರೆ, ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ), ಕಾಫಿ ರೇಟು ಅಂತ. ಫೋನ್ ಆ್ಯಪ್ ತೋರಿಸಿದೆ, ಬೇಡ ಅಂದ್ರು. "ಇದರಲ್ಲೇ ಒಂದು ಗುಂಡಿ ಮಾಡ್ಕೊಡು, ಒತ್ತಿದ್ರೆ ಆಯ್ತು" ಅಂದ್ರು.

ಹಾಗಾಗಿ ನಾಲ್ಕು ಕಡೆ ವೈಫೈ ಸ್ವಿಚ್ ಹಾಕಿದೆ. ಗೀಸರ್‌ಗೆ 16 ಆಂಪ್ ಪ್ಲಗ್, ಗೇಟ್ ಲೈಟಿಗೆ ಗೋಡೆ ಬಾಕ್ಸಿನೊಳಗೆ ರಿಲೇ (ಸಂಕೇತ ಬಂದ್ರೆ ತಾನೇ ಆನ್, ಆಫ್ ಆಗೋ ಸಣ್ಣ ಸ್ವಿಚ್), ಮೆಣಸು ಇಡೋ ಸ್ಟೋರ್ ರೂಮಿನ ಫ್ಯಾನಿಗೊಂದು ಪ್ಲಗ್, ಅಪ್ಪನ ಮೇಜಿನ ದೀಪಕ್ಕೊಂದು. ನಾಲ್ಕರಲ್ಲೂ ಟಾಸ್ಮೋಟಾ ಇದೆ. ಗೊತ್ತಿಲ್ಲದವರಿಗೆ: ಅದು ಸ್ವಿಚ್ಚಿನೊಳಗಿನ ಕಂಪನಿ ಸಾಫ್ಟ್‌ವೇರ್ ಅಳಿಸಿ ಹಾಕೋ ಮುಕ್ತ ಸಾಫ್ಟ್‌ವೇರ್. ಆಮೇಲೆ ಇಂಟರ್ನೆಟ್ ಬೇಡ, ಮನೆ ವೈಫೈನಲ್ಲೇ ಆ ಸ್ವಿಚ್ಚಿನ ಐಪಿ ವಿಳಾಸಕ್ಕೆ (ರೂಟರ್ ಅದಕ್ಕೆ ಕೊಡೋ ನಂಬರ್) "ಪವರ್ ಆನ್" ಅಂತ ಕಳಿಸಿದ್ರೆ ಆನ್ ಆಗುತ್ತೆ, ಬ್ರೌಸರಲ್ಲಿ ವೆಬ್‌ಸೈಟ್ ತೆಗೆದ ಹಾಗೇನೇ.

ಸ್ಕ್ರಿಪ್ಟ್, ಅಂದ್ರೆ ಈ ಕರೆ ಕಳಿಸೋ ಸಣ್ಣ ಪ್ರೋಗ್ರಾಮ್, ಪೈಥಾನ್ ಭಾಷೆಯಲ್ಲಿದೆ. ಹೆಸರು, ಐಪಿ ಜೋಡಿಸಿದ ಒಂದು ಪಟ್ಟಿ, ಕರೆ ಕಳಿಸೋ ಒಂದು ಫಂಕ್ಷನ್, ನಾಲ್ಕು ಗುಂಡಿ ಇರೋ ಒಂದು ಕಿಟಕಿ. ಒಟ್ಟು ನಲವತ್ತು ಸಾಲು. ಕೆಲಸ ಮಾಡ್ತಿದೆ. ಇಷ್ಟು ಸಾಕಾ? ಇನ್ನೊಂದು, ಕೆರೆ ಹತ್ತಿರ 5 ಎಚ್‌ಪಿ ತ್ರೀ ಫೇಸ್ ಮೋಟರ್ ಇದೆ. ಅದನ್ನೂ ಐದನೇ ಗುಂಡಿ ಮಾಡಬಹುದಾ?

ಸುಮ್ನಿರಿ

ಹಂಡೆಗೆ ಬೆಂಕಿ ಹಾಕಿ. ಸ್ಕ್ರಿಪ್ಟ್ ಬೇಡ, ವೈಫೈ ಬೇಡ, ಸಂಜೆವರೆಗೂ ಬಿಸಿನೀರು.

ಕಣದಮನೆ

ಹಂಡೆ ಈಗಲೂ ಇದೆ. ಸೌದೆ ಒಟ್ಟೋಕೂ ಅದೇ ಅಂಗಳ ದಾಟಬೇಕಲ್ಲ ಮಾರಾಯ್ರೆ.

ಮಂಜುಮುಸುಕು

ನಾನು ವಿರಾಜಪೇಟೆಯವನು, ಬೆಂಗಳೂರಲ್ಲಿ ಇದೇ ಥರದ ಕೆಲಸ. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಲವತ್ತು ಸಾಲು ಇವತ್ತು, ಇನ್ನೂರು ಸಾಲು ಬರೋ ವರ್ಷ, ಆಮೇಲೆ ನಿಮಗೇ ಅರ್ಥ ಆಗಲ್ಲ. ಹೋಮ್ ಅಸಿಸ್ಟೆಂಟ್ ಅಂತಲೇ ಇದೆ, 2013ರಿಂದ ಬೆಳೀತಾ ಬಂದಿರೋ ಮುಕ್ತ ಸಾಫ್ಟ್‌ವೇರ್. ಒಂದು ರಾಸ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ತಗೊಂಡು ಅದಕ್ಕೆ ಹಾಕಿ. ಟಾಸ್ಮೋಟಾ ಸ್ವಿಚ್‌ಗಳನ್ನ ಸೇರಿಸ್ಕೊಳ್ಳುತ್ತೆ, ಯಾವುದು ಆನ್ ಯಾವುದು ಆಫ್ ಅಂತ ನೆನಪಿಟ್ಕೊಳ್ಳುತ್ತೆ, ಸಮಯಕ್ಕೆ ಸರಿಯಾಗಿ ಹಾಕಿ ತೆಗೆಯುತ್ತೆ. ಡೆಸ್ಕ್‌ಟಾಪ್‌ನಲ್ಲಿ ಅದರ ಪುಟ ಬ್ರೌಸರ್‌ನಲ್ಲಿ ತೆರೆದಿಟ್ರೆ ಅಪ್ಪನಿಗೆ ಗುಂಡಿನೂ ಸಿಗುತ್ತೆ. ಸ್ಕ್ರಿಪ್ಟೇ ಬೇಕು ಅಂದ್ರೆ ಅದರಿಂದ ಒಂದು ಟೋಕನ್ (ಪಾಸ್‌ವರ್ಡ್ ಥರದ ಗುರುತು) ತಗೊಂಡು ಅದರ 8123ನೇ ಪೋರ್ಟಿಗೆ (ನೆಟ್‌ವರ್ಕಿನ ಬಾಗಿಲು ಇದ್ದ ಹಾಗೆ) ಕರೆ ಕಳಿಸಿ. ಚಕ್ರ ಮತ್ತೆ ಕಂಡುಹಿಡಿಯೋದು ಯಾಕೆ?

ಹೋಂಸ್ಟೇ_ಸೋಮವಾರಪೇಟೆ

ಮಂಜು ಅವರೇ, ಪೈ ಹಾಕಿ ಅಂತ ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ಜುಲೈನಲ್ಲಿ ನಮ್ಮ ಕಡೆ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತೆ ಅಂತ ಲೆಕ್ಕ ಇಟ್ಟವರಿಲ್ಲ. ನಾನೂ ಪೈ ಇಟ್ಟಿದ್ದೆ. ಎರಡನೇ ಮಳೆಗಾಲಕ್ಕೆ ಮೆಮೊರಿ ಕಾರ್ಡ್ ಸತ್ತೋಯ್ತು, ಬರೀತಾ ಇರುವಾಗ್ಲೇ ಕರೆಂಟ್ ಹೋದ್ರೆ ಅದು ತಡ್ಕೊಳ್ಳಲ್ಲ. ರೂಮಲ್ಲಿ ಗೆಸ್ಟ್, ನಾಲ್ಕು ಗೀಸರ್ ಆ ಪೈ ಕೈಯಲ್ಲಿ, ನಾನು ಬ್ಯಾಕಪ್ ಎಲ್ಲಿಟ್ಟೆ ಅಂತ ಹುಡುಕ್ತಾ ಇದ್ದೆ.

ಈಗ ನಂದೂ ಸ್ಕ್ರಿಪ್ಟೇ. ಕಣದಮನೆಯವರೇ, ನಲವತ್ತು ಸಾಲು ಸಾಕು, ಆದ್ರೆ ಈ ನಲವತ್ತಲ್ಲ. ನಾನು ಪೆಟ್ಟು ತಿಂದು ಕಲಿತ ಎರಡು ಹೇಳ್ತೀನಿ.

ಐಪಿ ವಿಳಾಸ ಕೈಯಾರೆ ಬರೆದಿಟ್ಟಿದ್ದೀರಿ. ಒಂದಿನ ಕರೆಂಟ್ ಹೋಗಿ ಬಂದಾಗ ರೂಟರ್ ಎಲ್ಲರಿಗೂ ಹೊಸದಾಗಿ ವಿಳಾಸ ಹಂಚುತ್ತೆ. ನಮ್ಮನೇಲಿ ಸಂಜೆ ಅಂಗಳದ ದೀಪ ಅಂತ ಒತ್ತಿದೆ, ಹತ್ತಲಿಲ್ಲ. ಮತ್ತೆ ಒತ್ತಿದೆ, ಇಲ್ಲ. ಬಲ್ಬ್ ಹೋಗಿದೆ ಅಂದ್ಕೊಂಡು ಸುಮ್ಮನಾದೆ. ರಾತ್ರಿ ಎರಡನೇ ರೂಮಿನ ಗೆಸ್ಟ್ ಬಂದು, "ಮೇಡಂ, ನಲ್ಲಿಲಿ ಹಬೆ ಬರ್ತಿದೆ" ಅಂದ್ರು. ದೀಪದ ವಿಳಾಸ ಆ ರೂಮಿನ ಗೀಸರ್‌ಗೆ ಹೋಗಿತ್ತು. ರೂಟರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಸ್ವಿಚ್ಚಿನ ಮ್ಯಾಕ್ ವಿಳಾಸಕ್ಕೆ (ಆ ಸಾಧನದ್ದೇ ಆದ ಗುರುತಿನ ಸಂಖ್ಯೆ) ಒಂದು ಐಪಿ ಕಾಯ್ದಿರಿಸಿ. ಅದಾದ್ಮೇಲೂ ನನ್ನ ಸ್ಕ್ರಿಪ್ಟ್ ಆನ್ ಮಾಡೋ ಮೊದಲು "ನಿನ್ನ ಹೆಸರೇನು" ಅಂತ ಸ್ವಿಚ್ಚನ್ನೇ ಕೇಳುತ್ತೆ. ಹೆಸರು ಹೊಂದದಿದ್ರೆ ಕೈ ಹಾಕಲ್ಲ.

ಎರಡನೇದು ಟೈಮ್‌ಔಟ್. ಕರೆ ಕಳಿಸೋಕೆ ಬಳಸೋ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ, ನೀವಾಗಿ ಹೇಳದಿದ್ರೆ ಉತ್ತರಕ್ಕೆ ಕಾಯ್ತಾನೇ ಕೂರುತ್ತೆ. ಸ್ವಿಚ್ಚಿಗೆ ಕರೆಂಟ್ ಇಲ್ಲ ಅಂದ್ರೆ ಕಿಟಕಿ ಕಲ್ಲಾಗುತ್ತೆ, ಅಪ್ಪ ಗುಂಡಿ ಹತ್ತು ಸಲ ಒತ್ತಿರ್ತಾರೆ. ಮೂರು ಸೆಕೆಂಡ್ ಕೊಡಿ, ಬರದಿದ್ರೆ "ಸ್ವಿಚ್ ಸಿಗ್ತಿಲ್ಲ" ಅಂತ ತೋರಿಸಿ.

ವೈರ್‌ಮ್ಯಾನ್_ಗೋಣಿಕೊಪ್ಪ

ಸ್ಕ್ರಿಪ್ಟ್ ನನಗೆ ಗೊತ್ತಿಲ್ಲ. ಮೋಟರ್ ಬಗ್ಗೆ ಹೇಳ್ತೇನೆ. ವೈಫೈ ಪ್ಲಗ್ಗಿಗೆ ಮೋಟರ್ ಕೊಡ್ಬೇಡಿ. ತ್ರೀ ಫೇಸ್ ಅಂತೂ ಆಗೋದೇ ಇಲ್ಲ, ಒಂದು ಎಚ್‌ಪಿ ಸಿಂಗಲ್ ಫೇಸೂ ಬೇಡ. ಓಡುವಾಗ ಐದಾರು ಆಂಪ್ ಇರಬಹುದು, ಸ್ಟಾರ್ಟ್ ಆಗುವಾಗ ಅದರ ಐದಾರು ಪಟ್ಟು ಎಳೆಯುತ್ತೆ. ಒಳಗಿನ ಸಣ್ಣ ರಿಲೇ ಪಾಯಿಂಟ್ ಬೆಸುಗೆ ಹಾಕಿದ ಹಾಗೆ ಅಂಟಿಕೊಳ್ಳುತ್ತೆ. ಆಮೇಲೆ ನಿಮ್ಮ ಕಂಪ್ಯೂಟರ್ ಆಫ್ ಅಂತ ಎಷ್ಟು ಕಳಿಸಿದ್ರೂ ಮೋಟರ್ ಓಡ್ತಾನೇ ಇರುತ್ತೆ. ಬಿಚ್ಚಿದ ಎರಡು ಪ್ಲಗ್ ನನ್ನ ಬ್ಯಾಗಲ್ಲಿ ಇವೆ, ಬೇಕಾದ್ರೆ ತೋರಿಸ್ತೇನೆ.

ಕಣದಮನೆ

ಅಣ್ಣ, ಪ್ಲಗ್ಗಿಗೆ ನೇರ ಕೊಡಲ್ಲ. ರಿಲೇ ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರ್ ಕಾಯಿಲ್‌ಗೆ ಮಾತ್ರ. ಮೋಟರ್ ಕರೆಂಟ್ ಹೊರೋದು ಕಾಂಟ್ಯಾಕ್ಟರ್ ಅನ್ನೋ ದೊಡ್ಡ ಸ್ವಿಚ್, ರಿಲೇ ಅದನ್ನ ಎಳೆಯುತ್ತೆ ಅಷ್ಟೇ. ಓವರ್‌ಲೋಡ್ ರಿಲೇ, ಸಿಂಗಲ್ ಫೇಸಿಂಗ್ ಪ್ರಿವೆಂಟರ್ (ಒಂದು ಫೇಸ್ ಹೋದ್ರೆ ಮೋಟರ್ ನಿಲ್ಲಿಸೋದು) ಹಾಗೇ ಇರ್ತವೆ.

ವೈರ್‌ಮ್ಯಾನ್_ಗೋಣಿಕೊಪ್ಪ

ವೈರಿಂಗ್ ಸರಿ ಹೇಳಿದ್ರಿ. ಮನುಷ್ಯರ ಬಗ್ಗೆ ಹೇಳಲಿಲ್ಲ. ಹೂಮಳೆ ಬಾರದ ವರ್ಷ ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕ್ತೀರಲ್ಲ, ಪೈಪ್ ಒಂದು ಕಡೆಯಿಂದ ಇನ್ನೊಂದು ಕಡೆ ಬದಲಾಯಿಸೋರು ಯಾರು? ಹುಡುಗರು. ಕ್ಲಾಂಪ್ ಅರ್ಧ ಹಾಕಿರ್ತಾರೆ, ಹೆಗಲ ಮೇಲೆ ಪೈಪ್ ಇರುತ್ತೆ. ಆಗ ಮನೇಲಿ ನಿಮ್ಮಪ್ಪ ಗುಂಡಿ ಒತ್ತಿದ್ರು ಅಂತ ಇಟ್ಕೊಳ್ಳಿ. ಪ್ರೆಶರ್‌ಗೆ ಪೈಪ್ ಎದ್ದು ಹೊಡೆದ್ರೆ ಏನು ಮಾಡ್ತೀರಿ? ಮೋಟರ್ ಸ್ಟಾರ್ಟ್ ಮಾಡೋನು ಪೈಪ್ ಲೈನ್ ಕಣ್ಣಲ್ಲಿ ನೋಡಿರಬೇಕು, ಇಲ್ಲಾ ನೋಡಿದವನ ಹತ್ರ ಮಾತಾಡಿರಬೇಕು.

ದೂರದಿಂದ ಬೇಕೇ ಬೇಕು ಅಂದ್ರೆ ಸಿಮ್ ಹಾಕೋ ಮೊಬೈಲ್ ಸ್ಟಾರ್ಟರ್ ತಗೊಳ್ಳಿ. ಮೂರು ಫೇಸ್ ಇದೆಯಾ, ಮೋಟರ್ ನಿಜವಾಗಿ ಓಡ್ತಿದೆಯಾ, ನೀರಿಲ್ಲದೆ ಓಡ್ತಿದೆಯಾ ಅಂತ ನೋಡಿ ತಾನೇ ನಿಲ್ಲಿಸೋ ಮಾಡೆಲ್ ಸಿಗುತ್ತೆ. ನಿಮ್ಮ ನಲವತ್ತು ಸಾಲಿನಲ್ಲಿ ಅದ್ಯಾವುದೂ ಇಲ್ಲ.

ಕಣದಮನೆ

ಪೈಪ್ ಹೊರೋ ಹುಡುಗರು ನನ್ನ ತಲೆಗೇ ಬಂದಿರಲಿಲ್ಲ. ಐದನೇ ಗುಂಡಿ ಕೈ ಬಿಟ್ಟೆ.

ಹಳೇಮೋಡೆಮ್

ವೈರ್‌ಮ್ಯಾನ್ ಹೇಳಿದ "ನಿಜವಾಗಿ ಓಡ್ತಿದೆಯಾ" ಎನ್ನುವ ಮಾತಿನಲ್ಲೇ ಇಡೀ ವಿಷಯ ಇದೆ ಎಂದು ನನಗನ್ನಿಸುತ್ತದೆ. ನಾನು ಈಗ ಮಡಿಕೇರಿಯಲ್ಲಿ ನಿವೃತ್ತ. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿದ್ದಾಗ ಎಕ್ಸ್-10 ಎಂಬ ಉಪಕರಣ ಇಟ್ಟುಕೊಂಡಿದ್ದೆ. 1975ರಲ್ಲಿ ಸ್ಕಾಟ್ಲೆಂಡಿನ ಪೀಕೋ ಎಲೆಕ್ಟ್ರಾನಿಕ್ಸ್‌ನವರು ರೂಪಿಸಿದ್ದು. ವೈಫೈ ಕಲ್ಪನೆಯೇ ಇಲ್ಲದ ಕಾಲ, ಮನೆಯ ಕರೆಂಟ್ ತಂತಿಯಲ್ಲೇ 120 ಕಿಲೋಹರ್ಟ್ಸ್ ಸಂಕೇತ ಕಳಿಸುತ್ತಿತ್ತು. ಮನೆಗೆ ಒಂದು ಅಕ್ಷರ, ಸಾಧನಕ್ಕೆ ಒಂದು ಅಂಕಿ, ಹದಿನಾರು ಹದಿನಾರಲೆ 256 ವಿಳಾಸ. ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಪೆಟ್ಟಿಗೆ ಸಿಕ್ಕಿಸಿ ನಾನೂ ಇಂಥದೇ ಸ್ಕ್ರಿಪ್ಟ್ ಬರೆದಿದ್ದೆ.

ಅದರ ದೊಡ್ಡ ಕೊರತೆ, ಬಹುಪಾಲು ಸಾಧನಗಳು ತಿರುಗಿ ಮಾತಾಡುತ್ತಿರಲಿಲ್ಲ. ಆನ್ ಎಂದು ಕಳಿಸಿದರೆ ಕಳಿಸಿದ್ದಷ್ಟೇ. ಪಕ್ಕದ ಕೋಣೆಯಲ್ಲಿ ಟಿವಿ ಹಾಕಿದ್ದರೆ ಅದರ ಗದ್ದಲದಲ್ಲಿ ಸಂಕೇತ ಸತ್ತುಹೋಗುತ್ತಿತ್ತು. ನನ್ನ ಸ್ಕ್ರಿಪ್ಟ್ ಮಾತ್ರ "ದೀಪ ಹತ್ತಿದೆ" ಎಂದು ಧೈರ್ಯವಾಗಿ ಬರೆಯುತ್ತಿತ್ತು. ಕತ್ತಲಲ್ಲಿ ಕೂತು ನಾನದನ್ನು ಓದುತ್ತಿದ್ದೆ.

ನಿಮ್ಮ ಸ್ವಿಚ್ಚುಗಳು ಉತ್ತರ ಕೊಡುತ್ತವೆ. ಆನ್ ಕಳಿಸಿದ ಕರೆಗೇ "ಪವರ್: ಆನ್" ಎಂದು ಮರುತ್ತರ ಬರುತ್ತದೆ. ಅದನ್ನು ಓದಿ ಗುಂಡಿಯ ಬಣ್ಣ ಬದಲಿಸಿ. ಒತ್ತಿದ ಮಾತ್ರಕ್ಕೆ ಬದಲಿಸಬೇಡಿ.

ವೈರ್‌ಮ್ಯಾನ್_ಗೋಣಿಕೊಪ್ಪ

ಸರ್, ರಿಲೇ ಆನ್ ಅಂದ್ರೆ ಗೀಸರ್ ಕಾಯ್ತಿದೆ ಅಂತ ಅಲ್ಲವಲ್ಲ. ಗೀಸರ್‌ನದ್ದೇ ಎಂಸಿಬಿ ಬಿದ್ದಿರಬಹುದು. ಎಲಿಮೆಂಟ್ ಸುಟ್ಟಿರಬಹುದು.

ಹಳೇಮೋಡೆಮ್

ಸರಿಯಾಗಿ ಹಿಡಿದಿರಿ. ಗೀಸರ್ ಪ್ಲಗ್ ವಿದ್ಯುತ್ ಅಳೆಯುವಂಥದ್ದಾದರೆ ಎಷ್ಟು ವಾಟ್ ಎಂದೂ ಕೇಳಬಹುದು. 2000 ಸುಮಾರಿಗೆ ಇದ್ದರೆ ಕಾಯುತ್ತಿದೆ. ಸೊನ್ನೆ ಇದ್ದರೆ ಎರಡರಲ್ಲೊಂದು: ಕೆಟ್ಟಿದೆ, ಇಲ್ಲವೇ ನೀರು ಕಾದು ಥರ್ಮೋಸ್ಟಾಟ್ ತಾನೇ ಕಡಿದಿದೆ. ಹಾಕಿದ ಕೂಡಲೇ ಸೊನ್ನೆ ಬಂದರೆ ಅನುಮಾನಿಸಿ, ಇಪ್ಪತ್ತು ನಿಮಿಷದ ಮೇಲೆ ಬಂದರೆ ಸ್ನಾನಕ್ಕೆ ಹೋಗಿ.

ಕಣದಮನೆ

ಇಪ್ಪತ್ತು ನಿಮಿಷ ಅಂದಾಗ ನೆನಪಾಯ್ತು. ಬೆಳಿಗ್ಗೆ ಐದೂವರೆಗೆ ಗೀಸರ್ ಆನ್ ಆಗಿ ಇಪ್ಪತ್ತು ನಿಮಿಷಕ್ಕೆ ಆಫ್ ಆಗ್ಲಿ ಅಂತ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದ್ದೆ. ಸ್ಕ್ರಿಪ್ಟ್ ಆನ್ ಮಾಡಿ, ಇಪ್ಪತ್ತು ನಿಮಿಷ ಕಾದು, ಆಫ್ ಮಾಡುತ್ತೆ. ಮೊನ್ನೆ ರಾತ್ರಿ ಮರ ಬಿದ್ದು ಕರೆಂಟ್ ಇರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಬಂತು, ಅಪ್ಪ ಕಂಪ್ಯೂಟರ್ ಹಾಕಿದ್ರು. "ತಪ್ಪಿಹೋದ ಕೆಲಸ ಆದಷ್ಟು ಬೇಗ ಮಾಡು" ಅನ್ನೋ ಆಯ್ಕೆಗೆ ನಾನೇ ಟಿಕ್ ಹಾಕಿದ್ದೆ. ಐದೂವರೆ ಗೀಸರ್ ಹತ್ತಕ್ಕೆ ಆನ್ ಆಯ್ತು. ಹತ್ತೂ ಹತ್ತಕ್ಕೆ ಅಪ್ಪ ಕಂಪ್ಯೂಟರ್ ಶಟ್‌ಡೌನ್ ಮಾಡಿ ತೋಟಕ್ಕೆ ಹೋದ್ರು. ಆಫ್ ಮಾಡಬೇಕಾದ ಸ್ಕ್ರಿಪ್ಟ್ ಅದರ ಜೊತೆಗೇ ಸತ್ತಿತು. ಸಂಜೆ ಅಮ್ಮ ನೋಡೋವರೆಗೂ ಗೀಸರ್ ಆನ್.

ಸುಮ್ನಿರಿ

ಹಂಡೆ.

ಮಂಜುಮುಸುಕು

ಇದಕ್ಕೇ ಹೇಳಿದ್ದು! ದಿನವಿಡೀ ಓಡೋ ಒಂದು ಸರ್ವರ್ ಬೇಕು. ಮೆಮೊರಿ ಕಾರ್ಡ್ ಬದಲು ಎಸ್‌ಎಸ್‌ಡಿ ಹಾಕಿ, ರೂಟರ್ ಜೊತೆ ಸಣ್ಣ ಯುಪಿಎಸ್‌ಗೆ ಕೊಡಿ. ಜೊತೆಗೆ ಎಚ್‌ಟಿಟಿಪಿ (ಈಗ ನೀವು ಕಳಿಸ್ತಿರೋ ವೆಬ್ ಕರೆ) ಬಿಟ್ಟು ಎಂಕ್ಯೂಟಿಟಿಗೆ ಬನ್ನಿ, ಸಾಧನಗಳು ಸಣ್ಣ ಸಂದೇಶ ಹಂಚಿಕೊಳ್ಳೋ ವಿಧಾನ ಅದು. 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅದನ್ನ ಮಾಡಿದ್ದೇ ಮರುಭೂಮಿಯ ತೈಲ ಪೈಪ್‌ಲೈನ್‌ಗಳನ್ನ ಉಪಗ್ರಹದ ಮೂಲಕ ನೋಡ್ಕೊಳ್ಳೋಕೆ. ಕೆಟ್ಟ ನೆಟ್‌ವರ್ಕಿಗೆ ಅಂತಲೇ ಹುಟ್ಟಿದ್ದು, ಕೊಡಗಿಗೆ ಹೇಳಿ ಮಾಡಿಸಿದ ಹಾಗಿದೆ. ಮಧ್ಯೆ ಬ್ರೋಕರ್ ಅಂತ ಒಂದು ಇರುತ್ತೆ, ಪೋಸ್ಟ್ ಆಫೀಸ್ ಇದ್ದ ಹಾಗೆ. ಸ್ವಿಚ್ಚೇ ಹೋಗಿ ತನ್ನ ಹೆಸರು ಹೇಳಿ ಸೇರ್ಕೊಳ್ಳುತ್ತೆ. ಹಾಗಾಗಿ ಅಕ್ಕನ ಐಪಿ ಅದಲುಬದಲಿನ ಸಮಸ್ಯೆನೇ ಬರಲ್ಲ. ಸ್ವಿಚ್ ಹೇಳದೆ ಕೇಳದೆ ಮಾಯ ಆದ್ರೆ "ನಾನು ಹೋದೆ" ಅನ್ನೋ ಸಂದೇಶ ಬ್ರೋಕರ್ ತಾನೇ ಎಲ್ಲರಿಗೂ ಹಂಚುತ್ತೆ. ಅದಕ್ಕೆ ಹೆಸರೇ ಲಾಸ್ಟ್ ವಿಲ್, ಉಯಿಲು!

ಹೋಂಸ್ಟೇ_ಸೋಮವಾರಪೇಟೆ

ಎಂಕ್ಯೂಟಿಟಿ ಬಗ್ಗೆ ನನ್ನ ತಕರಾರಿಲ್ಲ, ನಾಲ್ಕು ಸ್ವಿಚ್ಚಿಗೆ ಹೆಚ್ಚಾಯ್ತು ಅಷ್ಟೇ. ಆದ್ರೆ ಗೀಸರ್ ವಿಷಯದಲ್ಲಿ ನೀವಿಬ್ರೂ ಒಂದೇ ತಪ್ಪು ಮಾಡ್ತಿದ್ದೀರಿ. ಅವರು ಆಫ್ ಮಾಡೋ ಕೆಲಸ ಡೆಸ್ಕ್‌ಟಾಪ್‌ಗೆ ಕೊಟ್ರು, ನೀವು ಪೈಗೆ ಕೊಡ್ತೀರಿ. ಯುಪಿಎಸ್ ಇರಲಿ, ಏನೇ ಇರಲಿ, ಸರ್ವರ್‌ಗೂ ಬಚ್ಚಲಿಗೂ ಮಧ್ಯೆ ವೈಫೈ ಇದೆ, ಒಂದೂವರೆ ಅಡಿ ಮಣ್ಣಿನ ಗೋಡೆ ಇದೆ, ಮಳೆ ಇದೆ. ಆನ್ ಹೋಗಿ ಆಫ್ ಹೋಗದೆ ಇರೋ ದಿನ ಬಂದೇ ಬರುತ್ತೆ.

ಆಫ್ ಮಾಡೋದು ಪ್ಲಗ್ಗಿನದ್ದೇ ಕೆಲಸ. ಟಾಸ್ಮೋಟಾದಲ್ಲಿ ಪಲ್ಸ್‌ಟೈಮ್ ಅಂತ ಒಂದು ಆಜ್ಞೆ ಇದೆ. ಒಂದು ಸಲ ಕೊಟ್ಟಿಟ್ರೆ ಸಾಕು, ಯಾರೇ ಆನ್ ಮಾಡ್ಲಿ, ಸ್ಕ್ರಿಪ್ಟಿಂದಲೋ ಪ್ಲಗ್ ಮೇಲಿನ ಗುಂಡಿಯಿಂದಲೋ, ಅಷ್ಟು ಹೊತ್ತಾದ್ಮೇಲೆ ತಾನೇ ಆಫ್. ಲೆಕ್ಕ ಸ್ವಲ್ಪ ವಿಚಿತ್ರ: 111ರವರೆಗೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತೆ, 112ರಿಂದ ಮೇಲೆ ನೂರು ಕಳೆದು ಉಳಿದಿದ್ದು ಸೆಕೆಂಡ್. ಇಪ್ಪತ್ತು ನಿಮಿಷ ಅಂದ್ರೆ 1200 ಸೆಕೆಂಡ್, ಹಾಗಾಗಿ 1300 ಅಂತ ಕೊಡಬೇಕು. ನಾನು ಮೊದಲ ದಿನ 20 ಅಂತ ಕೊಟ್ಟು, ಎರಡು ಸೆಕೆಂಡಿಗೆ ಟಕ್ ಅಂತ ಆಫ್ ಆದಾಗ ಪ್ಲಗ್ ಹಾಳಾಗಿದೆ ಅಂತ ಅಂಗಡಿಗೆ ವಾಪಸ್ ತಗೊಂಡು ಹೋಗಿದ್ದೆ. ನಗಬೇಡಿ.

ಇನ್ನೊಂದು ಪವರ್‌ಆನ್‌ಸ್ಟೇಟ್. ಕರೆಂಟ್ ಹೋಗಿ ಬಂದಾಗ ಸ್ವಿಚ್ ಹೇಗಿರಬೇಕು ಅನ್ನೋದು. ಸುಮ್ನೆ ಬಿಟ್ರೆ 3 ಇರುತ್ತೆ, ಅಂದ್ರೆ ಮೊದಲು ಹೇಗಿತ್ತೋ ಹಾಗೆ. ಗೀಸರ್‌ಗೆ 0 ಮಾಡಿ, ಕರೆಂಟ್ ಬಂದ್ರೂ ಆಫ್‌ನಲ್ಲೇ ಇರ್ಲಿ. ಗೇಟ್ ಲೈಟಿಗೆ 3 ಇದ್ರೆ ಒಳ್ಳೇದು, ರಾತ್ರಿ ಕರೆಂಟ್ ಬಂದಾಗ ತಾನೇ ಹತ್ತುತ್ತೆ.

ಹಳೇಮೋಡೆಮ್

ಇಪ್ಪತ್ತು ನಿಮಿಷ ಸಾಕೇ ಎಂದು ಲೆಕ್ಕ ಹಾಕಿದೆ. 15 ಲೀಟರ್ ಗೀಸರ್, 2000 ವಾಟ್ ಎಂದುಕೊಳ್ಳೋಣ. ಡಿಸೆಂಬರ್ ಬೆಳಿಗ್ಗೆ ನೀರು 15 ಡಿಗ್ರಿ ಇದ್ದರೆ 50ಕ್ಕೆ ಏರಿಸಲು ಸುಮಾರು ಹದಿನೆಂಟು ನಿಮಿಷ ಬೇಕು. ಸಾಕಾಗುತ್ತದೆ. 25 ಲೀಟರಿನದಾದರೆ ಅರ್ಧ ಗಂಟೆ ಕೊಡಿ, ಅಂದರೆ ಅಕ್ಕನ ಲೆಕ್ಕದಲ್ಲಿ 1900.

ಮಂಜುಮುಸುಕು

ಸರಿ, ಆಫ್ ವಿಷಯದಲ್ಲಿ ಅಕ್ಕ ಹೇಳಿದ್ದನ್ನ ಒಪ್ಪಿದೆ. ಆದ್ರೆ ಅದೇ ತರ್ಕ ಮುಂದೆ ತಗೊಂಡು ಹೋದ್ರೆ ಆನ್ ಮಾಡೋದೂ ಪ್ಲಗ್ಗೇ ಮಾಡ್ಲಿ, ಸ್ಕ್ರಿಪ್ಟ್ ಯಾಕೆ? ಟಾಸ್ಮೋಟಾದಲ್ಲೇ ಹದಿನಾರು ಟೈಮರ್ ಇವೆ. ಸೂರ್ಯಾಸ್ತಕ್ಕೆ ಗೇಟ್ ಲೈಟ್ ಹಾಕು ಅಂತಲೂ ಹೇಳಬಹುದು.

ಹೋಂಸ್ಟೇ_ಸೋಮವಾರಪೇಟೆ

ಹೇಳಬಹುದು, ಆದ್ರೆ ಮೊದಲು ಊರು ಯಾವುದು ಅಂತ ಹೇಳಿ. ಅದರ ಜೊತೆ ಬರೋ ಅಕ್ಷಾಂಶ ರೇಖಾಂಶ ಪ್ಯಾರಿಸ್ಸಿನದ್ದು. ಮಡಿಕೇರಿಗೆ 12.42, 75.74 ಅಂತ ಹಾಕಿ, ಟೈಮ್‌ಝೋನ್ +5:30 ಮಾಡಿ. ಇಲ್ಲಾಂದ್ರೆ ನಿಮ್ಮ ಗೇಟ್ ಲೈಟ್ ಐಫೆಲ್ ಟವರ್‌ಗೆ ಕತ್ತಲಾದಾಗ ಹತ್ತುತ್ತೆ.

ಮತ್ತೆ, ಆ ಪ್ಲಗ್ಗಿನೊಳಗೆ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಬಂದ ಕೂಡಲೇ ಇಂಟರ್ನೆಟ್ಟಿನಿಂದ ಸಮಯ ಕೇಳುತ್ತೆ. ಕರೆಂಟ್ ಬಂದು ನೆಟ್ ಬರದೆ ಇರೋ ದಿನಗಳು ನಮ್ಮಲ್ಲಿ ಕಮ್ಮಿಯಾ? ಅವತ್ತು ಅದಕ್ಕೆ ಹೊತ್ತೇ ಗೊತ್ತಿಲ್ಲ, ಟೈಮರ್ ಯಾವುದೂ ಓಡಲ್ಲ. ಪಲ್ಸ್‌ಟೈಮ್ ಹಾಗಲ್ಲ, ಅದಕ್ಕೆ ಗಂಟೆ ಎಷ್ಟು ಅಂತ ಗೊತ್ತಿರಬೇಕಾಗಿಲ್ಲ, ಸೆಕೆಂಡ್ ಎಣಿಸೋದಷ್ಟೇ. ಡೆಸ್ಕ್‌ಟಾಪ್‌ನೊಳಗೆ ಬ್ಯಾಟರಿ ಗಡಿಯಾರ ಇದೆ, ಜೊತೆಗೆ ಎದುರಿಗೆ ಕೂತಿರೋ ಅಪ್ಪನಿಗೆ ಬೆಳಗಾಗಿದ್ದು ಗೊತ್ತಿದೆ. ಹಾಗಾಗಿ ಆನ್ ಅಪ್ಪನದ್ದು, ಆಫ್ ಪ್ಲಗ್ಗಿನದ್ದು. ಶೆಡ್ಯೂಲರ್ ಪೂರ್ತಿ ತೆಗೆದುಬಿಡಿ ಅಂತ ನನ್ನ ಮಾತು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಕರೆಂಟು, ಫೋನು, ರಸ್ತೆ ಎಲ್ಲ ಒಟ್ಟಿಗೆ ಹೋಗಿದ್ದು ನೋಡಿದವಳು ನಾನು. ನೆಟ್ ಇದ್ರೆ ಮಾತ್ರ ನಡೆಯೋ ವಸ್ತು ಮನೆಗೆ ತರೋದನ್ನ ಅವತ್ತೇ ಬಿಟ್ಟೆ.

ಮಂಜುಮುಸುಕು

ಇದು ಪೂರ್ತಿ ಒಪ್ಪಿದೆ. ಕಂಪನಿ ಸರ್ವರ್ ನಂಬ್ಕೊಂಡ್ರೆ ಮಳೆ ಕೂಡ ಬೇಕಾಗಿಲ್ಲ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಕಂಪನಿ ಮುನ್ಸೂಚನೆ ಕೊಡದೆ ಸರ್ವರ್ ನಿಲ್ಲಿಸಿತ್ತು. ಆ್ಯಪ್ ನಂಬಿದ್ದವರ ಮನೆಯ ಹಬ್ ರಾತ್ರೋರಾತ್ರಿ ಕೈಕೊಟ್ಟಿತ್ತು. ಆಮೇಲೆ ಕೆಲವು ಬಳಕೆದಾರರೇ ಸೇರಿ ಆ ಕಂಪನಿ ಕೊಂಡುಕೊಂಡ್ರು ಅನ್ನೋದು ಬೇರೆ ಕಥೆ.

ಆದ್ರೂ ಹೋಮ್ ಅಸಿಸ್ಟೆಂಟ್ ಕೈ ಬಿಡೋಕೆ ಮನಸ್ಸಿಲ್ಲ. ಅದೂ ಮನೆಯೊಳಗೇ ಓಡೋದು, ಗೊತ್ತಿರಲಿ.

ಕಿಗ್ಗಟ್ಟು_ಹುಡುಗ

ನಮ್ದು ಕುಟ್ಟ ಹತ್ರ. ರಾತ್ರಿ ಆನೆ ಬರುತ್ತೆ. ಇದೇ ಸ್ಕ್ರಿಪ್ಟಲ್ಲಿ ಗೇಟ್ ಲೈಟ್, ಸೈರನ್ ಹಾಕಬಹುದಲ್ವಾ? ಹಾಗೇ ಸೋಲಾರ್ ಬೇಲಿ ಕೂಡ, ಆನೆ ಬಂದಾಗ ಮಾತ್ರ ಆನ್, ಬೇಕಾದ್ರೆ ಮೇನ್ ಲೈನ್‌ನಿಂದ ಸ್ವಲ್ಪ ಜೋರಾಗಿ?

ವೈರ್‌ಮ್ಯಾನ್_ಗೋಣಿಕೊಪ್ಪ

ತಮ್ಮಾ, ಆ ಕೊನೇ ಸಾಲು ಅಳಿಸು. ಸೋಲಾರ್ ಬೇಲಿಯಲ್ಲಿ ಎನರ್ಜೈಸರ್ ಕೊಡೋದು ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ ಹೊತ್ತಿನ ಏಟು, ಸೆಕೆಂಡಿಗೊಂದು ಸಲದ ಹಾಗೆ. ಮುಟ್ಟಿದವನು ಕೈ ಎಳ್ಕೊಳ್ಳೋಕೆ ಸಮಯ ಸಿಗುತ್ತೆ. ಮೇನ್ ಲೈನ್ ಕೊಟ್ರೆ ಆನೆನೂ ಸಾಯುತ್ತೆ, ಬೆಳಿಗ್ಗೆ ಹಾಲಿಗೆ ಹೋಗೋ ಮಗುನೂ ಸಾಯುತ್ತೆ, ನೀನು ಜೈಲಿಗೆ. ಬೇಲಿಗೆ ಕಂಪ್ಯೂಟರ್ ಬೇಡ. ಅದರ ಪಾಡಿಗೆ ಅದು ಆನ್ ಇರಬೇಕು.

ಲೈಟಿಗೆ ಹಾಕು, ತೊಂದ್ರೆ ಇಲ್ಲ.

ಕಿಗ್ಗಟ್ಟು_ಹುಡುಗ

ಸರಿ ಅಣ್ಣ, ಬುದ್ಧಿ ಇಲ್ಲದೆ ಬರೆದೆ. ಇನ್ನೊಂದು ಡೌಟು. ಕುಶಾಲನಗರದಲ್ಲಿ ಓದ್ತಿದ್ದೀನಿ. ಅಲ್ಲಿಂದ ಮನೆ ಲೈಟ್ ಹಾಕೋಕೆ ರೂಟರ್‌ನಲ್ಲಿ ಪೋರ್ಟ್ ತೆಗೀಬೇಕಂತೆ, ಅಂದ್ರೆ ಹೊರಗಿನ ಇಂಟರ್ನೆಟ್ಟಿಗೆ ಬಾಗಿಲು ತೆರೀಬೇಕಂತೆ?

ಮಂಜುಮುಸುಕು

ತೆಗೀಬೇಡ! ಟಾಸ್ಮೋಟಾ ಪುಟಕ್ಕೆ ನೀನಾಗಿ ಹಾಕದೆ ಇದ್ರೆ ಪಾಸ್‌ವರ್ಡೇ ಇರಲ್ಲ. ಪೋರ್ಟ್ ತೆಗೆದ್ರೆ ಜಗತ್ತಿನ ಯಾರು ಬೇಕಾದ್ರೂ ನಿಮ್ಮನೆ ಸೈರನ್ ಹೊಡೀಬಹುದು. ಸಿಮ್ ರೂಟರ್ ಆದ್ರೆ ಸಾಮಾನ್ಯವಾಗಿ ತೆಗೆದ್ರೂ ಕೆಲಸ ಮಾಡಲ್ಲ, ಒಂದೇ ಹೊರವಿಳಾಸದ ಹಿಂದೆ ಸಾವಿರಾರು ಮನೆ ಇರ್ತವೆ. ಮನೆ ಕಂಪ್ಯೂಟರಿಗೂ ನಿನ್ನ ಲ್ಯಾಪ್‌ಟಾಪಿಗೂ ಟೇಲ್‌ಸ್ಕೇಲ್ ಹಾಕು, ವೈರ್‌ಗಾರ್ಡ್ ಆಧಾರದ ವಿಪಿಎನ್ ಅದು, ಎರಡು ಕಂಪ್ಯೂಟರ್ ಮಧ್ಯೆ ಖಾಸಗಿ ಸುರಂಗ ಇದ್ದ ಹಾಗೆ. ಲ್ಯಾಪ್‌ಟಾಪಿಂದ ಮನೆ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ಸ್ಕ್ರಿಪ್ಟ್ ಓಡಿಸು.

ಕಣದಮನೆ

ಒಂದು ವಾರ ಆದ್ಮೇಲೆ ವರದಿ. ಶೆಡ್ಯೂಲರ್ ತೆಗೆದೆ. ಐಪಿ ಕಾಯ್ದಿರಿಸಿದೆ, ಹೆಸರು ಕೇಳೋ ಸಾಲು ಸೇರಿಸಿದೆ, ಟೈಮ್‌ಔಟ್ ಮೂರು ಸೆಕೆಂಡ್. ಗೀಸರ್‌ಗೆ ಪಲ್ಸ್‌ಟೈಮ್ 1300, ಪವರ್‌ಆನ್‌ಸ್ಟೇಟ್ 0. ಗುಂಡಿ ಒತ್ತಿದ್ಮೇಲೆ ಐದು ಸೆಕೆಂಡ್ ಬಿಟ್ಟು ವಾಟ್ ಓದಿ, 1500ಕ್ಕಿಂತ ಜಾಸ್ತಿ ಇದ್ರೆ ಮಾತ್ರ "ಕಾಯ್ತಿದೆ" ಅಂತ ಕೆಂಪಾಗುತ್ತೆ. ನಲವತ್ತು ಸಾಲು ಅರವತ್ತೆಂಟಾಯ್ತು. ಮಂಜು ಅವರು ಹೇಳಿದ ಹಾಗೇ ಬೆಳೀತಿದೆ, ಒಪ್ಕೊಳ್ತೀನಿ.

ಯಾರೂ ಹೇಳದ ಒಂದು ಸಮಸ್ಯೆ ಸಿಕ್ತು, ಕನ್ನಡ. ಮೊದಲು ಕಪ್ಪು ಕಮಾಂಡ್ ಕಿಟಕಿಯಲ್ಲಿ ಉತ್ತರ ತೋರಿಸೋಣ ಅಂತ ಹೋದೆ, ಅಕ್ಷರದ ಬದಲು ಡಬ್ಬಿ ಡಬ್ಬಿ ಬಂತು. ಟಿಕಿಂಟರ್ (ಪೈಥಾನ್‌ನಲ್ಲಿ ಕಿಟಕಿ, ಗುಂಡಿ ಮಾಡೋ ಲೈಬ್ರರಿ) ಕಿಟಕಿಯಲ್ಲಿ ನಿರ್ಮಲಾ ಯುಐ ಫಾಂಟ್ ಕೊಟ್ಟಾಗ ಸರಿಯಾಯ್ತು. ಅದೇ ಸ್ಕ್ರಿಪ್ಟ್ ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿದ್ರೆ ಒತ್ತಕ್ಷರ ಎಲ್ಲ ಬಿಚ್ಚಿಕೊಂಡು ಬಿತ್ತು, "ಬಚ್ಚಲು" ಓದೋ ಹಾಗಿಲ್ಲ.

ಹಳೇಮೋಡೆಮ್

ಅಲ್ಲಿ ಟಿಕಿಂಟರ್ ಬಿಟ್ಟು ಗುಂಡಿಗಳನ್ನು ಒಂದು ವೆಬ್ ಪುಟವಾಗಿ ಮಾಡಿ. ಬ್ರೌಸರ್ ಯಾವ ಯಂತ್ರದಲ್ಲಾದರೂ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಅಪ್ಪನಿಗೆ ಅಕ್ಷರವೂ ದೊಡ್ಡದಾಗಿ ಕಾಣುತ್ತದೆ.

ಕಣದಮನೆ

ಅದನ್ನೇ ಮಾಡ್ತೀನಿ ಸರ್. ಕೊನೇದಾಗಿ ಅಮ್ಮನ ವಿಷಯ. ಮೊನ್ನೆ ಸಂಜೆ ಗುಡುಗು ಸಿಡಿಲು. ನಮ್ಮಮ್ಮ ಮೊದಲ ಗುಡುಗಿಗೇ ಮನೆಯ ಎಲ್ಲಾ ಪ್ಲಗ್ ಕಿತ್ತಿಡ್ತಾರೆ, ರೂಟರ್ ಸಮೇತ. ಸ್ಕ್ರಿಪ್ಟಿಗೆ ಯಾವ ಸ್ವಿಚ್ಚೂ ಸಿಗಲಿಲ್ಲ. "ಅಮ್ಮ, ಕೀಳೋದು ಬೇಡ, ನಾನು ಇಲ್ಲಿಂದಲೇ ಎಲ್ಲ ಆಫ್ ಮಾಡೋ ಒಂದು ಗುಂಡಿ ಇಡ್ತೀನಿ" ಅಂದೆ. ಮಾಡಲಾ?

ವೈರ್‌ಮ್ಯಾನ್_ಗೋಣಿಕೊಪ್ಪ

ಮಾಡ್ಬೇಡಿ. ನಿಮ್ಮಮ್ಮ ಹೇಳಿದ್ದೇ ಸರಿ. ರಿಲೇ ಆಫ್ ಆದಾಗ ಒಳಗೆ ಬಿಡೋ ಸಂದು ಒಂದು ಮಿಲಿಮೀಟರ್ ಇದ್ರೆ ಹೆಚ್ಚು. ಆಕಾಶದಿಂದ ನೆಲದವರೆಗೆ ಹಾರಿ ಬಂದ ಸಿಡಿಲಿಗೆ ಅದ್ಯಾವ ಲೆಕ್ಕ? ಮೇಲಾಗಿ ರಿಲೇ ಬಹಳ ಸಲ ಒಂದು ವೈರ್ ಮಾತ್ರ ಕಡಿಯುತ್ತೆ, ನ್ಯೂಟ್ರಲ್ ಸೇರಿಕೊಂಡೇ ಇರುತ್ತೆ. ಪ್ಲಗ್ ಕಿತ್ತು ನೆಲದ ಮೇಲಿಟ್ರೆ ಮಾತ್ರ ಆಫ್. ಕೇಬಲ್ ವೈರೂ ಕೀಳೋಕೆ ಹೇಳಿ. ನಾನು ಪ್ರತಿ ಏಪ್ರಿಲ್, ಮೇ ಸತ್ತ ರೂಟರ್ ನೋಡೋದು ಅದರಿಂದಲೇ.

ಕಣದಮನೆ

ಸರಿ ಅಣ್ಣ. ಅಮ್ಮನಿಗೆ ಈ ಕಾಮೆಂಟ್ ಓದಿ ಹೇಳಿದೆ, ಬಹಳ ಖುಷಿ. ಗುಡುಗು ನಿಂತ ಮೇಲೆ ಎಲ್ಲ ವಾಪಸ್ ಹಾಕಿದ್ರು. ಆದ್ರೆ ಇವತ್ತು ಬೆಳಿಗ್ಗೆಯಿಂದ ಒಂದು ವಿಚಿತ್ರ. ಸ್ಟೋರ್ ಫ್ಯಾನ್ ಅಂತ ಒತ್ತಿದ್ರೆ ಅಪ್ಪನ ಮೇಜಿನ ದೀಪ ಹತ್ತುತ್ತೆ. ಐಪಿ ನೋಡಿದೆ, ಸರಿ ಇದೆ. ಹೆಸರು ಕೇಳಿದ್ರೆ "ಸ್ಟೋರ್ ಫ್ಯಾನ್" ಅಂತಲೇ ಉತ್ತರ ಬರುತ್ತೆ. ರೂಟರ್ ರೀಸ್ಟಾರ್ಟ್ ಮಾಡಿದೆ. ಕೋಡ್ ಎರಡು ಗಂಟೆ ನೋಡಿದೆ.

ಹೋಂಸ್ಟೇ_ಸೋಮವಾರಪೇಟೆ

ಎರಡೂ ಒಂದೇ ಥರದ ಬಿಳಿ ಪ್ಲಗ್ಗಾ?

ಕಣದಮನೆ

ಹೌದಕ್ಕ, ಒಂದೇ ಡಬ್ಬದಲ್ಲಿ ಬಂದ ಜೋಡಿ.

ಅಯ್ಯೋ.

ಹೋಂಸ್ಟೇ_ಸೋಮವಾರಪೇಟೆ

ಪ್ಲಾಸ್ಟರ್ ಟೇಪ್ ಅಂಟಿಸಿ ಮಾರ್ಕರ್‌ನಲ್ಲಿ ಹೆಸರು ಬರೀರಿ. ಅಮ್ಮನಿಗೆ ಕಾಣೋ ಹಾಗೆ, ದೊಡ್ಡದಾಗಿ.